ಪುಟ್ಟ, ನಾನು ಮತ್ತು ಕರಗುವ ಪೊಲೀಸು

ಏಪ್ರಿಲ್ ಬಂತೆಂದರೆ ನಮ್ಮ ಮನೆಗೆ ಪುಟ್ಟ ಬರುತ್ತಾನೆ. ಪುಟ್ಟ ಅಂದರೆ ನನ್ನ ಅಕ್ಕನ ಮಗ, ವಯಸ್ಸು ಹತ್ತು. ಸಾಗರದಿಂದ ರಾತ್ರಿ ಬಸ್ಸಿನಲ್ಲಿ ಅಮ್ಮನ ಜೊತೆ ಬಂದು ಇಳಿದರೆ ಮುಂದಿನ ಮೂರು ವಾರ ನಮ್ಮ ಮನೆಯ ಟಿವಿ ಅವನದು, ಫ್ರಿಜ್ಜು ಅವನದು, ನನ್ನ ಭಾನುವಾರಗಳೂ ಅವನವೇ. ಅಕ್ಕ ಟೀಚರ್, ಅವಳಿಗೆ ಆಗ ಪರೀಕ್ಷೆ, ಪೇಪರ್ ತಿದ್ದುವುದು ಇತ್ಯಾದಿ. ಭಾವ ತೀರಿಕೊಂಡ ಮೇಲೆ, ಅಂದರೆ ಈ ಎರಡು ವರ್ಷಗಳಿಂದ, ಹುಡುಗ ಸ್ವಲ್ಪ ಹೆಚ್ಚೇ ದಿನ ನಮ್ಮಲ್ಲಿ ಇರುತ್ತಾನೆ.

ಈ ಸಲ ಬಂದವನು ಚಪ್ಪಲಿ ಬಿಡುವ ಮೊದಲೇ ಕೇಳಿದ:

"ಮಾಮ, ಕರಗೋ ಪೊಲೀಸಿನ ಪಿಚ್ಚರ್ ಗೊತ್ತಾ ನಿಂಗೆ?"

ಗೊತ್ತಿಲ್ಲದೇ ಏನು! ಟರ್ಮಿನೇಟರ್ 2. ಅವನ ಕ್ಲಾಸಿನ ಯಾರೋ ಫೋನಿನಲ್ಲಿ ಒಂದು ತುಣುಕು ತೋರಿಸಿದ್ದನಂತೆ. ಪೊಲೀಸಿನವನು ಆಸ್ಪತ್ರೆಯ ಸರಳಿನ ನಡುವೆ ನೀರಿನ ಹಾಗೆ ತೂರಿ ಬರುತ್ತಾನೆ, ಕೈಯಲ್ಲಿದ್ದ ಪಿಸ್ತೂಲು ಮಾತ್ರ ಸಿಕ್ಕಿಕೊಳ್ಳುತ್ತದೆ. ಅದನ್ನು ಬಿಡಿಸಿಕೊಂಡು ಮುಂದೆ ನಡೆಯುತ್ತಾನೆ. ಪುಟ್ಟ ಅದನ್ನು ನಮ್ಮ ವರಾಂಡದ ಗ್ರಿಲ್ಲಿನಲ್ಲಿ ಅಭಿನಯಿಸಿ ತೋರಿಸಿದ. ಪೂರ್ತಿ ಸಿನಿಮಾ ನೋಡಬೇಕಂತೆ. ಇವತ್ತೇ.

ಅಕ್ಕನಿಗೆ ಫೋನ್ ಮಾಡಿದೆ. "ನಂಗೆ ಆ ಇಂಗ್ಲಿಷ್ ಪಿಚ್ಚರೆಲ್ಲ ಗೊತ್ತಾಗಲ್ಲ ಕಣೋ, ನೀನೇ ನೋಡಿ ನಿರ್ಧಾರ ಮಾಡು" ಅಂದಳು. ಆಮೇಲೆ, "ರಾತ್ರಿ ಹೆದರಿಕೊಂಡು ಎದ್ದರೆ ಮಾತ್ರ ನೀನೇ ಕೂತ್ಕೋ ಪಕ್ಕದಲ್ಲಿ" ಅಂತ ಸೇರಿಸಿದಳು. ಹೀಗೆ ಒಂದೇ ಫೋನಿನಲ್ಲಿ ನಾನು ಸೆನ್ಸಾರ್ ಮಂಡಳಿಯಾಗಿಬಿಟ್ಟೆ :-)

ನಿಜ ಹೇಳಬೇಕೆಂದರೆ ಈ ಸಿನಿಮಾದ ವಿಷಯದಲ್ಲಿ ನಾನು ನಿಷ್ಪಕ್ಷಪಾತಿಯಲ್ಲ. 1993ರ ಗಣಪತಿ ಹಬ್ಬ. ನಮ್ಮ ಊರಿನ ಪೆಂಡಾಲಿಗೆ ಕಲರ್ ಟಿವಿ, ವಿಸಿಆರ್ ಬಾಡಿಗೆಗೆ ತಂದಿದ್ದರು. ಒಂದು ರಾತ್ರಿಗೆ ಮೂರು ಕ್ಯಾಸೆಟ್. ಮೊದಲು 'ಗಂಧದ ಗುಡಿ', ಅದು ಹೆಂಗಸರು ಮಕ್ಕಳು ಎಲ್ಲರಿಗೂ. ಎರಡನೆಯದು ಯಾವುದೋ ಹಿಂದಿ. ಮೂರನೆಯದು ಹಾಕುವ ಹೊತ್ತಿಗೆ ಮಧ್ಯರಾತ್ರಿ ಕಳೆದು, ದೊಡ್ಡವರೆಲ್ಲ ಮನೆಗೆ ಹೋಗಿ, ಪೆಂಡಾಲಿನಲ್ಲಿ ಕಾಲೇಜು ಹುಡುಗರು ಮತ್ತು ಕಂಬಳಿ ಹೊದ್ದು ನಿದ್ದೆ ಬಂದವನ ಹಾಗೆ ಬಿದ್ದುಕೊಂಡಿದ್ದ ನಾನು. ನನಗಾಗ ಹನ್ನೊಂದು ವರ್ಷ. ಇಂಗ್ಲಿಷ್ ಒಂದಕ್ಷರ ತಿಳಿಯಲಿಲ್ಲ. ತಿಳಿಯಬೇಕಾದ್ದೆಲ್ಲ ತಿಳಿಯಿತು!

ಆ ರಾತ್ರಿ ನನ್ನನ್ನು ಹಿಡಿದದ್ದು ಬಂದೂಕಲ್ಲ, ಲಾರಿಯಲ್ಲ. ಹುಡುಗ ಬೂತಿನಿಂದ ಮನೆಗೆ ಫೋನ್ ಮಾಡುತ್ತಾನೆ. ಸಾಕುತಾಯಿ ಬಹಳ ಪ್ರೀತಿಯಿಂದ ಮಾತಾಡುತ್ತಾಳೆ, ಎಲ್ಲಿದ್ದೀಯ, ಬೇಗ ಬಾ ಅನ್ನುತ್ತಾಳೆ. ಕ್ಯಾಮೆರಾ ಪಕ್ಕಕ್ಕೆ ಸರಿದರೆ ಅವಳ ಒಂದು ಕೈ ಉದ್ದನೆಯ ಕತ್ತಿಯಾಗಿ, ಹಾಲಿನ ಡಬ್ಬಿಯನ್ನೂ ಅದನ್ನು ಕುಡಿಯುತ್ತಿದ್ದ ಗಂಡನ ತಲೆಯನ್ನೂ ಹಾದುಹೋಗಿದೆ. ಮಾತು ಮಾತ್ರ ಹಾಗೇ ಮೆತ್ತಗೆ.

ಮರುದಿನ ಬೆಳಿಗ್ಗೆ ಅಮ್ಮ ಒಳಗಿನಿಂದ "ಹಾಲು ಆರ್ತಾ ಇದೆ ಬಾರೋ" ಅಂತ ಪ್ರೀತಿಯಿಂದ ಕರೆದಳು ನೋಡಿ... ನಾನು ಬಾಗಿಲ ಸಂದಿಯಿಂದ ಮೊದಲು ಅವಳ ಎರಡೂ ಕೈ ಲೆಕ್ಕ ಹಾಕಿ ಆಮೇಲೆ ಒಳಗೆ ಹೋದೆ. ಸುಮಾರು ಒಂದು ವಾರ ಹೀಗೇ ನಡೆಯಿತು. ಅಮ್ಮನಿಗೆ ಇವತ್ತಿಗೂ ಗೊತ್ತಿಲ್ಲ.

ಹಾಗಂತ ನೋಡಬಾರದಿತ್ತು ಅಂತ ಒಂದು ದಿನವೂ ಅನ್ನಿಸಿಲ್ಲ. ಇದೇ ತೊಂದರೆ. ನಾವು ಹೆದರಿದ್ದು ನಮಗೆ ಈಗ ಸಿಹಿ ನೆನಪು. ಆದರೆ ನಮ್ಮ ಮನೆಯ ಮಕ್ಕಳು ಹೆದರುವುದು ಬೇಡ.

ಸರಿ, ಸರಕಾರಗಳು ಏನು ಹೇಳುತ್ತವೆ ನೋಡೋಣ ಅಂತ ಹುಡುಕಿದೆ. 1991ರಲ್ಲಿ ಬಿಡುಗಡೆಯಾದಾಗ ಅಮೆರಿಕದಲ್ಲಿ ಇದಕ್ಕೆ 'ಆರ್'. ಅಂದರೆ 17 ತುಂಬದವರು ದೊಡ್ಡವರ ಜೊತೆಗೇ ಬರಬೇಕು. ಬ್ರಿಟನ್‌ನಲ್ಲಿ 15. ಸಿನಿಮಾದೊಳಗಿನ ಹೀರೋ ಜಾನ್ ಕಾನರ್‌ಗೆ ಬರೀ ಹತ್ತು ವರ್ಷ, ಆ ಪಾತ್ರ ಮಾಡಿದ ಎಡ್ವರ್ಡ್ ಫರ್ಲಾಂಗ್ ಆಗ ಹದಿಮೂರರ ಹುಡುಗ. ತನ್ನದೇ ಸಿನಿಮಾಕ್ಕೆ ಅವನು ಬ್ರಿಟನ್‌ನಲ್ಲಿ ಟಿಕೆಟ್ ತೆಗೆದುಕೊಳ್ಳುವ ಹಾಗಿರಲಿಲ್ಲ! ಅದೇ ಹೊತ್ತಿಗೆ ಅಮೆರಿಕದಲ್ಲಿ ಕೆನ್ನರ್ ಅನ್ನುವ ಕಂಪನಿ ಟರ್ಮಿನೇಟರ್ ಗೊಂಬೆಗಳನ್ನು ಮಾರುತ್ತಿತ್ತು. ಗೊಂಬೆ ಕೊಳ್ಳುವವರು ಹದಿನೇಳು ತುಂಬಿದವರಂತೂ ಅಲ್ಲ.

ನಮ್ಮಲ್ಲಿ ಬಹಳ ಕಾಲ ಯು, ಯುಎ, ಎ ಅಷ್ಟೇ ಇದ್ದದ್ದು (ವೈದ್ಯರು ಮುಂತಾದ ವಿಶೇಷ ಪ್ರೇಕ್ಷಕರಿಗೆ 'ಎಸ್' ಅಂತ ಒಂದಿದೆ, ನಾನಂತೂ ಒಂದೂ ನೋಡಿಲ್ಲ). ಯುಎ ಅಂದರೆ ಹನ್ನೆರಡರ ಕೆಳಗಿನವರಿಗೆ ತಂದೆತಾಯಿ ಯೋಚಿಸಿ ತೋರಿಸಿ ಅಂತ. ಮೂರು ವರ್ಷದ ಕೂಸಿಗೂ ಹನ್ನೊಂದರ ಹುಡುಗನಿಗೂ ಒಂದೇ ಅಳತೆಗೋಲು. 2021ರಲ್ಲಿ ಓಟಿಟಿಯವರಿಗೆ 7, 13, 16 ಅಂತ ವಯಸ್ಸಿನ ಮೆಟ್ಟಿಲು ಬಂತು. 2023ರ ತಿದ್ದುಪಡಿ ಕಾಯಿದೆ ಥಿಯೇಟರಿನ ಸಿನಿಮಾಗಳ ಯುಎಯನ್ನೂ ಹಾಗೇ ಮೂರು ತುಂಡು ಮಾಡಿತು. ಒಳ್ಳೆಯದೇ. ಆದರೆ ಥಿಯೇಟರಿನ ಗೇಟಿನಲ್ಲಿ ಟಿಕೆಟ್ ಹರಿಯುವವನಾದರೂ ಒಬ್ಬ ನಿಂತಿರುತ್ತಾನೆ. ಮನೆಯಲ್ಲಿ ಗೇಟೂ ನಾನೇ, ಟಿಕೆಟ್ ಹರಿಯುವವನೂ ನಾನೇ, ಪಾಪ್‌ಕಾರ್ನ್ ಹುರಿಯುವವನೂ ನಾನೇ. ಮತ್ತೆ ಈ ಸಂಖ್ಯೆಗಳೆಲ್ಲ ಸಾವಿರಾರು ಮಕ್ಕಳ ಸರಾಸರಿಗೆ ಮಾಡಿದ್ದು. ನನ್ನ ಮುಂದೆ ಇದ್ದದ್ದು ಒಬ್ಬನೇ ಪುಟ್ಟ.

ಹಾಗಾಗಿ ಅವನು ಮಲಗಿದ ಮೇಲೆ, ಶಬ್ದ ಸಣ್ಣಗೆ ಮಾಡಿಕೊಂಡು, ಒಂದು ನೋಟ್‌ಬುಕ್ ಹಿಡಿದು ಕೂತೆ. 137 ನಿಮಿಷ. ಎಲ್ಲಿ ರಕ್ತ, ಎಲ್ಲಿ ಕೊಲೆ, ಎಲ್ಲಿ ಬೈಗುಳ, ಎಲ್ಲ ನಿಮಿಷದ ಲೆಕ್ಕದಲ್ಲಿ ಬರೆದುಕೊಂಡೆ. ಹೆಂಡತಿ ನೀರು ಕುಡಿಯಲು ಎದ್ದು ಬಂದವಳು ನೋಡಿ ಏನೂ ಹೇಳದೆ ಹೋದಳು.

ಬರೆಯುತ್ತಾ ಹೋದ ಹಾಗೆ ಒಂದು ವಿಷಯ ಹೊಳೆಯಿತು. ಅರ್ನಾಲ್ಡ್ ಶ್ವಾರ್ಜ್‌ನೆಗರ್‌ನ ಯಂತ್ರ ಈ ಸಿನಿಮಾದಲ್ಲಿ ಒಬ್ಬನೇ ಒಬ್ಬ ಮನುಷ್ಯನನ್ನೂ ಕೊಲ್ಲುವುದಿಲ್ಲ. 1984ರ ಮೊದಲ ಭಾಗದಲ್ಲಿ ಅವನೇ ಕೊಲೆಗಾರ. ಇಲ್ಲಿ ಹತ್ತು ವರ್ಷದ ಹುಡುಗ ಅವನಿಗೆ ಜನರನ್ನು ಕೊಲ್ಲಬಾರದು ಅಂತ ಆಣೆ ಮಾಡಿಸುತ್ತಾನೆ. ಯಾಕೆ ಅಂತ ಯಂತ್ರ ಕೇಳುತ್ತದೆ. ಹುಡುಗನಿಗೆ ಕಾರಣ ಹೇಳಲು ಬರುವುದಿಲ್ಲ, ಕೊಲ್ಲಬಾರದು ಅಂದರೆ ಕೊಲ್ಲಬಾರದು, ಅಷ್ಟೇ. ಆಮೇಲೆ ಆ ದೊಡ್ಡ ಕಟ್ಟಡದ ಕಿಟಕಿಯಿಂದ ಯಂತ್ರ ಮೆಷಿನ್‌ಗನ್ನಿನಲ್ಲಿ ಪೊಲೀಸ್ ಕಾರುಗಳನ್ನೆಲ್ಲ ಜಾಲರಿ ಮಾಡಿ ಹಾಕುತ್ತದೆ. ಕೊನೆಗೆ ಅದರ ಕಣ್ಣಿನೊಳಗೆ ಮೂಡುವ ಲೆಕ್ಕ: ಸತ್ತವರು ಸೊನ್ನೆ. ಇದೇ ಪುಟ್ಟ 'ಕೆಜಿಎಫ್ 2' ನಮ್ಮೆಲ್ಲರ ಜೊತೆ ಸೋಫಾದಲ್ಲಿ ಕೂತು ನೋಡಿದ್ದಾನೆ. ರಾಕಿ 'ದೊಡ್ಡಮ್ಮ' ಹಿಡಿದು ಠಾಣೆ ಪುಡಿ ಮಾಡಿ, ಕಾದ ನಳಿಕೆಯಲ್ಲಿ ಸಿಗರೇಟು ಹಚ್ಚಿಕೊಂಡಾಗ ಅಮ್ಮನೂ ಚಪ್ಪಾಳೆ ಹೊಡೆದಿದ್ದಳು. ಆಗ ಯಾರೂ ನೋಟ್‌ಬುಕ್ ತೆಗೆಯಲಿಲ್ಲ. ನಮ್ಮ ಭಾಷೆಯ ಹಿಂಸೆ ನಮಗೆ ಮನೆಯ ಊಟದ ಹಾಗೆ ಅನ್ನಿಸುತ್ತದೋ ಏನೋ.

ಹಾಗಂತ ಸಿನಿಮಾಕ್ಕೆ ನಾನು ವಕಾಲತ್ತು ವಹಿಸುತ್ತಿಲ್ಲ. ಆಣೆ ಮಾಡಿದ ಸ್ವಲ್ಪ ಹೊತ್ತಿಗೇ ಯಂತ್ರ ಆಸ್ಪತ್ರೆಯ ಕಾವಲುಗಾರನ ಎರಡೂ ಮೊಣಕಾಲಿಗೆ ಗುಂಡು ಹೊಡೆಯುತ್ತದೆ. ಅವನು ಬಿದ್ದು ಕಿರುಚುತ್ತಾನೆ. ಬದುಕುತ್ತಾನೆ ಬಿಡು ಅನ್ನುತ್ತದೆ ಯಂತ್ರ. ಪ್ರೇಕ್ಷಕರು ನಗಬೇಕು, ನಗುತ್ತಾರೆ, ನಾನೂ ಪೆಂಡಾಲಿನಲ್ಲಿ ನಕ್ಕಿದ್ದೆ. ನನಗೀಗ ಹಾಲಿನ ಡಬ್ಬಿಯ ಕತ್ತಿಗಿಂತ ಇದು ಹೆಚ್ಚು ಕಸಿವಿಸಿ. ಕತ್ತಿ ನೋಡಿ ಮಗು ಹೆದರುತ್ತದೆ, ಹೆದರಬೇಕಾದ್ದೇ. ಒಬ್ಬನ ಮೊಣಕಾಲು ಪುಡಿಯಾದದ್ದು ನೋಡಿ ನಗುವುದನ್ನು ಕಲಿತರೆ ಅದಕ್ಕೆ ಯಾವ ಸರ್ಟಿಫಿಕೇಟು? ನೋಟ್‌ಬುಕ್ಕಿನಲ್ಲಿ ಅದಕ್ಕೆ ಎರಡು ಗೆರೆ ಎಳೆದೆ.

ಇನ್ನೊಂದು ಗೆರೆ ಎಳೆದದ್ದು ತಾಯಿ ಸಾರಾಳ ಕನಸಿಗೆ. ಮಕ್ಕಳು ಜೋಕಾಲಿ ಆಡುತ್ತಿರುವ ಪಾರ್ಕು, ಬೇಲಿಯ ಆಚೆ ನಿಂತು ಅವಳು ಕಿರುಚುತ್ತಾಳೆ, ಯಾರಿಗೂ ಕೇಳುವುದಿಲ್ಲ. ಅಣುಬಾಂಬಿನ ಬೆಳಕು. ಸಿನಿಮಾದ ಲೆಕ್ಕದಲ್ಲಿ 1997ರ ಆಗಸ್ಟ್ 29ಕ್ಕೆ ಮುನ್ನೂರು ಕೋಟಿ ಜನ ಸಾಯಬೇಕು.

ಈ ವಿಷಯದ ಬಗ್ಗೆ ಓದುವಾಗ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿದ್ದ ಜೋನ್ ಕ್ಯಾಂಟರ್ ಅನ್ನುವವರ ಸಂಶೋಧನೆ ಸಿಕ್ಕಿತು. ಬಹಳ ಸ್ವಾರಸ್ಯ. 1983ರ ನವೆಂಬರಿನಲ್ಲಿ ಅಮೆರಿಕದ ಟಿವಿಯಲ್ಲಿ 'ದಿ ಡೇ ಆಫ್ಟರ್' ಅಂತ ಒಂದು ಸಿನಿಮಾ ಬಂತು. ಕಾನ್ಸಾಸ್‌ನ ಮೇಲೆ ಅಣುಬಾಂಬು ಬಿದ್ದರೆ ಏನಾಗುತ್ತದೆ ಅನ್ನುವ ಕತೆ. ಸಣ್ಣ ಮಕ್ಕಳು ಏನಾಗಿಬಿಡುತ್ತಾರೋ ಅಂತ ದೇಶಕ್ಕೆ ದೇಶವೇ ಚಿಂತೆ ಮಾಡಿತ್ತು. ಪ್ರಸಾರವಾದ ಮೇಲೆ ಇವರು ಮನೆಗಳಿಗೆ ಫೋನ್ ಮಾಡಿ ವಿಚಾರಿಸಿದರೆ, ಎಲ್ಲರಿಗಿಂತ ಕಡಿಮೆ ಹೆದರಿದ್ದವರು ಸಣ್ಣ ಮಕ್ಕಳೇ! ದೊಡ್ಡ ಹುಡುಗರು ಹೆಚ್ಚು, ಅಪ್ಪ ಅಮ್ಮಂದಿರು ಎಲ್ಲರಿಗಿಂತ ಹೆಚ್ಚು. ಸಣ್ಣವರಿಗೆ ಅದೊಂದು ಬೆಳಕು, ಶಬ್ದ. ದೊಡ್ಡವರಿಗೆ ಅದರ ಹಿಂದಿನ ವಿಚಾರ. ಅದಕ್ಕೆ ಉಲ್ಟಾ, 'ಇನ್‌ಕ್ರೆಡಿಬಲ್ ಹಲ್ಕ್' ಧಾರಾವಾಹಿಗೆ ಶಾಲೆಗೆ ಹೋಗದ ಪುಟಾಣಿಗಳು ಹೆದರುತ್ತಿದ್ದರಂತೆ. ಹಲ್ಕ್ ಒಳ್ಳೆಯವನು, ಆದರೆ ಮನುಷ್ಯ ಕಣ್ಣೆದುರೇ ಹಸಿರಾಗಿ ಉಬ್ಬುವುದು ಅವರಿಗೆ ಸಹಿಸಲಾಗುತ್ತಿರಲಿಲ್ಲ. ಅಂದರೆ ನಾಲ್ಕು ವರ್ಷದವನು ಕಾಣುವುದಕ್ಕೆ ಹೆದರುತ್ತಾನೆ, ಬೆಳೆಯುತ್ತಾ ಹೋದ ಹಾಗೆ ಆಗಬಹುದಾದದ್ದಕ್ಕೆ ಹೆದರುತ್ತಾನೆ.

ಹತ್ತು ವರ್ಷದವನು ಎರಡರ ನಡುವೆ ಎಲ್ಲೋ ಇರುತ್ತಾನೆ ಅಂತ ನನ್ನ ಲೆಕ್ಕ. ಹಾಗಾಗಿ ತೀರ್ಪು ಕೊಟ್ಟೆ: ನೋಡಬಹುದು. ಷರತ್ತುಗಳು ಇವು. ಹಗಲಲ್ಲೇ ನೋಡುವುದು. ರಿಮೋಟು ನನ್ನ ಕೈಯಲ್ಲಿ. ಹಾಲಿನ ಡಬ್ಬಿ, ಕಾವಲುಗಾರನ ಕಣ್ಣಿಗೆ ಚುಚ್ಚುವುದು, ಪಾರ್ಕಿನ ಕನಸು, ಮೂರೂ ಮುಂದಕ್ಕೆ ಓಡಿಸುವುದು. ಮೊಣಕಾಲಿನ ದೃಶ್ಯ ಓಡಿಸುವುದಿಲ್ಲ, ಅಲ್ಲಿ ನಿಲ್ಲಿಸಿ ಮಾತಾಡುವುದು. ಬಹಳ ಹೆಮ್ಮೆಯಿಂದ ಹೆಂಡತಿಗೆ ನೋಟ್‌ಬುಕ್ ತೋರಿಸಿದೆ. "ನಿಮ್ಮ ಆಫೀಸಿನ ಪ್ರಾಜೆಕ್ಟ್ ಪ್ಲಾನ್ ಥರಾ ಇದೆ" ಅಂದಳು.

ನೋಡುವ ಮೊದಲು ಗುಟ್ಟನ್ನೂ ಒಂದಿಷ್ಟು ಹೇಳಿದೆ. ಒಂದೇ ಚೌಕಟ್ಟಿನಲ್ಲಿ ಇಬ್ಬರು ಸಾರಾ ಕಾಣುವ ಕಡೆ ಲಿಂಡಾ ಹ್ಯಾಮಿಲ್ಟನ್‌ಳ ಅವಳಿ ಸೋದರಿಯನ್ನು ನಿಲ್ಲಿಸಿದ್ದರು, ಆ ಕಾವಲುಗಾರನಿಗೂ ಅವಳಿ ಅಣ್ಣತಮ್ಮಂದಿರೇ ಸಿಕ್ಕಿದ್ದರು ಅಂತೆಲ್ಲ. ಪುಟ್ಟ ತಾಳ್ಮೆಯಿಂದ ಕೇಳಿಸಿಕೊಂಡು, "ಮಾಮ, ಉಳಿದದ್ದು ಸಿಜಿ ಅಲ್ವಾ?" ಅಂದ. ಈಗಿನ ಮಕ್ಕಳಿಗೆ ಹೇಳಿಕೊಡಲು ಏನಾದರೂ ಉಳಿದಿದೆಯೇ?

ಎಲ್ಲ ಯೋಜನೆಯ ಪ್ರಕಾರವೇ ನಡೆಯಿತು. ಕರಗುವ ಪೊಲೀಸಿಗೆ ಅವನು ಹೆದರುವುದಿರಲಿ, ಬಿದ್ದು ಬಿದ್ದು ನಕ್ಕ. ಕಾಲುವೆಯಲ್ಲಿ ಲಾರಿ ಬೆನ್ನಟ್ಟುವಾಗ ಸೋಫಾದ ಮೇಲೆ ನಿಂತುಬಿಟ್ಟ. ಮೊಣಕಾಲಿನ ಹತ್ತಿರ ನಿಲ್ಲಿಸಿ, "ಅವನಿಗೆ ನೋವಾಗಲ್ವಾ ಪುಟ್ಟ?" ಅಂತ ಕೇಳಿದೆ. "ಆಗತ್ತೆ. ಆದ್ರೆ ಅವನು ಮನೆಗೆ ಹೋಗ್ತಾನಲ್ಲ ಮಾಮ" ಅಂದ. ನಾನು ತಯಾರು ಮಾಡಿಕೊಂಡಿದ್ದ ಉಪದೇಶ ಅಲ್ಲಿಗೇ ನಿಂತಿತು.

ಡೈಸನ್‌ನ ಮನೆಯ ದೃಶ್ಯ ಬಂತು. ಮುಂದೆ ಎಲ್ಲ ಅನಾಹುತಕ್ಕೆ ಕಾರಣವಾಗುವ ಯಂತ್ರವನ್ನು ರೂಪಿಸುತ್ತಿರುವ ಎಂಜಿನಿಯರು ಅವನು, ಪಾಪ ಅವನಿಗೇ ಅದು ಗೊತ್ತಿಲ್ಲ. ರಾತ್ರಿ ಕಂಪ್ಯೂಟರ್ ಮುಂದೆ ಕೂತಿದ್ದಾನೆ. ಹೊರಗೆ ಕತ್ತಲಲ್ಲಿ ಸಾರಾ ಬಂದೂಕಿನ ಗುರಿ ಹಿಡಿದಿದ್ದಾಳೆ. ಅವನ ಪುಟ್ಟ ಮಗನ ರಿಮೋಟ್ ಕಾರು ಬಂದು ಕಾಲಿಗೆ ತಾಗುತ್ತದೆ, ಬಗ್ಗುತ್ತಾನೆ, ಗುಂಡು ತಪ್ಪುತ್ತದೆ. ನನ್ನ ನೋಟ್‌ಬುಕ್ಕಿನಲ್ಲಿ ಈ ದೃಶ್ಯಕ್ಕೆ 'ಗುಂಡಿನ ಶಬ್ದ, ರಕ್ತ ಕಡಿಮೆ, ಪರವಾಗಿಲ್ಲ' ಅಂತ ಇತ್ತು.

"ಆ ಹುಡುಗನ ಅಪ್ಪನ್ನ ಸಾಯಿಸ್ತಾರಾ ಮಾಮ?"

"ಇಲ್ಲ ನೋಡು, ಅವಳಿಗೆ ಮನಸ್ಸಾಗಲ್ಲ."

ಆದರೆ ಡೈಸನ್ ಸಾಯುತ್ತಾನೆ. ಮುಂದೆ, ಆ ಕಟ್ಟಡದಲ್ಲಿ, ಪೊಲೀಸರ ಗುಂಡಿಗೆ. ಏದುಸಿರು ಬಿಡುತ್ತಾ ಸ್ಫೋಟಕದ ಗುಂಡಿಯ ಮೇಲೆ ಭಾರ ಹಿಡಿದು, ಕೈ ಸೋಲುವ ತನಕ ಕಾಯುತ್ತಾನೆ. ಪುಟ್ಟ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದ:

"ಮನೇಲಿ ಆ ಹುಡುಗಂಗೆ ಯಾರು ಹೇಳ್ತಾರೆ?"

"ಅವರಮ್ಮ ಹೇಳ್ತಾರೆ" ಅಂದೆ. ಅಂದು ಪಾಪ್‌ಕಾರ್ನ್ ಬಟ್ಟಲು ಮುಂದೆ ತಳ್ಳಿದೆ. ಆಗಲೂ ನನಗೆ ಹೊಳೆಯಲಿಲ್ಲ ನೋಡಿ.

ಕೊನೆ ನಿಮಗೆ ಗೊತ್ತೇ ಇರುತ್ತದೆ. ಕೆಟ್ಟವನು ಕರಗಿ ಹೋದ. ಎಲ್ಲ ಮುಗಿಯಿತು ಅಂದುಕೊಂಡಾಗ ಒಳ್ಳೆಯ ಯಂತ್ರ ಹೇಳುತ್ತದೆ, ಇನ್ನೂ ಒಂದು ಚಿಪ್ ಉಳಿದಿದೆ, ಅದು ನನ್ನ ತಲೆಯೊಳಗೆ. ತಾನೂ ಹೋಗಬೇಕು. ಹುಡುಗ ಬೇಡ ಅನ್ನುತ್ತಾನೆ, ಹೋಗಕೂಡದು ಅಂತ ಆಜ್ಞೆ ಮಾಡುತ್ತಾನೆ, ಅಳುತ್ತಾನೆ. ಯಂತ್ರ ಅವನ ಕಣ್ಣೀರು ಮುಟ್ಟಿ ನೋಡುತ್ತದೆ. ಸರಪಳಿ ಹಿಡಿದು ಕುದಿಯುವ ಉಕ್ಕಿನೊಳಗೆ ಇಳಿಯುತ್ತದೆ. ಕೊನೆಗೆ ಹೆಬ್ಬೆರಳು ಒಂದು ಮೇಲೆ.

ನನ್ನ ನೋಟ್‌ಬುಕ್ಕಿನಲ್ಲಿ ಆ ಕೊನೆಯ ಹತ್ತು ನಿಮಿಷದ ಎದುರು ಬರೆದದ್ದು: 'ಹಿಂಸೆ ಇಲ್ಲ. ಸೆಂಟಿಮೆಂಟ್.'

ಪುಟ್ಟ ಅಳಲಿಲ್ಲ. "ಹೋಗಲೇಬೇಕಿತ್ತಾ ಅವನು?" ಅಂದ. ನಾನು ಚಿಪ್ಪಿನ ವಿಷಯ ವಿವರಿಸಿದೆ. ಪೂರ್ತಿ ಕೇಳಿಸಿಕೊಂಡ. "ಇನ್ನೊಂದು ದಿನ ಇದ್ದು ಹೋಗಿದ್ರೆ ಏನಾಗ್ತಿತ್ತು?" ಅಂದ. ಇದಕ್ಕೆ ನನ್ನಲ್ಲಿ ಉತ್ತರ ಇರಲಿಲ್ಲ. ಎದ್ದು ವರಾಂಡಕ್ಕೆ ಹೋಗಿ ಗ್ರಿಲ್ಲಿಗೆ ಹಣೆ ಒತ್ತಿ ನಿಂತ. ಬಹಳ ಹೊತ್ತು. ನಾನು ಪಕ್ಕದಲ್ಲಿ ಹೋಗಿ ನಿಂತೆ, ಏನು ಹೇಳುವುದೆಂದು ತಿಳಿಯದೆ ಕೆಳಗಿನ ಗಾಡಿಗಳನ್ನು ನೋಡಿದೆ. ಆಮೇಲೆ ಅವನೇ, "ಮಾಮ, ಅಜ್ಜಿ ಮಾವಿನಹಣ್ಣು ಹೆಚ್ಚಿದಾಳಾ ನೋಡು" ಅಂದ.

ರಾತ್ರಿ ಹೆದರಿ ಎದ್ದಾನು ಅಂತ ಅವನ ಪಕ್ಕದಲ್ಲೇ ಮಲಗಿದೆ. ಅವನು ಗಾಢ ನಿದ್ದೆ. ನಾನು ಎದ್ದು ಹೊರಗೆ ಬಂದು ಅಕ್ಕನಿಗೆ ಫೋನ್ ಮಾಡಿ ನಡೆದದ್ದೆಲ್ಲ ಹೇಳಿದೆ. ತಪ್ಪಾಯ್ತು ಅಂದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ.

"ಅವತ್ತು ನಾವು ಅವನನ್ನ ಒಳಗೆ ಬಿಡ್ಲಿಲ್ಲ ಕಣೋ" ಅಂದಳು. "ಆ ಪೈಪು, ಮಷಿನ್ನು ಎಲ್ಲ ನೋಡಿದ್ರೆ ಹೆದರ್ತಾನೆ, ಬೇಡ ಅಂತ."

ನಾನೇ ಹೇಳಿದ್ದು ಅದು. ಅಕ್ಕ 'ನಾವು' ಅಂದದ್ದು ಅವಳ ದೊಡ್ಡತನ. ಐಸಿಯು ಹೊರಗಿನ ಬೆಂಚಿನ ಹತ್ತಿರ ಎಂಟು ವರ್ಷದ ಹುಡುಗನ ಕೈ ಹಿಡಿದು ನಿಂತವಳಿಗೆ, ಮಕ್ಕಳು ನೋಡುವಂಥದ್ದಲ್ಲ ಅಕ್ಕಾ, ನಾನು ಇವನನ್ನು ಮನೆಗೆ ಕರೆದುಕೊಂಡು ಹೋಗುತ್ತೇನೆ ಅಂತ ಹೇಳಿ, ದಾರಿಯಲ್ಲಿ ಐಸ್‌ಕ್ರೀಂ ಕೊಡಿಸಿದವನು ನಾನು. ಭಾವ ಮರುದಿನ ಬೆಳಗಿನ ಜಾವ ಹೋದರು. ಪುಟ್ಟ ಆ ವಿಷಯ ನನ್ನ ಹತ್ತಿರ ಯಾವತ್ತೂ ಎತ್ತಿಲ್ಲ. ಅವನು ಮರೆತಿದ್ದಾನೆ ಅಂತ ನಾನು ಅಂದುಕೊಂಡಿದ್ದೆ. ಅಥವಾ ನಾನು ಮರೆತಿದ್ದೆ.

ಆ ಸಂಜೆ ನಾನು ಸರಿಯಾಗಿ ಮಾಡಿದೆನೋ ಇಲ್ಲವೋ ಈಗಲೂ ಗೊತ್ತಿಲ್ಲ. ಒಳಗೆ ಕರೆದುಕೊಂಡು ಹೋಗಿದ್ದರೆ ಆ ಪೈಪುಗಳೇ ಅವನ ಕಣ್ಣಲ್ಲಿ ಉಳಿಯುತ್ತಿದ್ದವೇನೋ. ಭಾವನ ಮುಖ ಅವತ್ತು ನನಗೇ ನೋಡಲಾಗಿರಲಿಲ್ಲ. ಹಾಗೆ ನೋಡಿದರೆ ನಾನು ಅವನ ನೆಪದಲ್ಲಿ ಅಲ್ಲಿಂದ ತಪ್ಪಿಸಿಕೊಂಡು ಬಂದೆನಾ ಅನ್ನುವ ಅನುಮಾನವೂ ಇದೆ.

ಮರುದಿನ ತಿಂಡಿ ತಿನ್ನುತ್ತಾ ಪುಟ್ಟ ಕೇಳಿದ, "ಕೊನೇದು ಇನ್ನೊಂದ್ಸಲ ಹಾಕ್ತೀಯಾ?" ರಿಮೋಟು ಅವನ ಕೈಗೇ ಕೊಟ್ಟೆ. ಯಂತ್ರ ಉಕ್ಕಿಗೆ ಇಳಿಯುವ ಮೊದಲು ಒಂದು ಕಡೆ ನಿಲ್ಲಿಸಿ, ನೀರು ಕುಡಿದು ಬಂದು, ಮತ್ತೆ ಓಡಿಸಿದ. ಆಮೇಲೆ ಎದ್ದು ಕ್ರಿಕೆಟ್ ಆಡಲು ಹೋದ. ಹಾಗೆ ಮೂರು ದಿನ ನೋಡಿದ. ನಾಲ್ಕನೆಯ ದಿನ ಕೇಳಲಿಲ್ಲ.

ನಾನು ಓಡಿಸಿದ ಆ ಮೂರು ದೃಶ್ಯಗಳ ಸುದ್ದಿಯನ್ನಂತೂ ಅವನು ಎತ್ತಲೇ ಇಲ್ಲ. ಅವನ ಸ್ನೇಹಿತ ಹಾಲಿನ ಡಬ್ಬಿಯದ್ದನ್ನು ಮೊದಲೇ ಫೋನಿನಲ್ಲಿ ತೋರಿಸಿದ್ದನಂತೆ. ಹೊರಡುವ ದಿನ ಗೊತ್ತಾಯಿತು!

ಬಸ್ ಹತ್ತಿಸಲು ಹೋದಾಗ ಕಿಟಕಿಯಿಂದ ತಲೆ ಹಾಕಿ, "ಮಾಮ, ಇದ್ರದ್ದು ಮೂರನೇ ಭಾಗ ಇದೆಯಂತಲ್ಲ, ಅದ್ರಲ್ಲಿ ಅವನು ವಾಪಸ್ ಬರ್ತಾನಂತೆ. ದಸರಾ ರಜಕ್ಕೆ ನೋಡೋಣ" ಅಂದ.

ಹೌದು, ಇದೆ. 2003ರದ್ದು. ಅದರಲ್ಲಿ ಅದೇ ಮುಖದವನು ಬರುತ್ತಾನೆ. ಆದರೆ ಅದು ಬೇರೆ ಯಂತ್ರ. ಅವನಿಗೆ ಆ ಹುಡುಗನ ಜೊತೆ ಕಳೆದ ದಿನಗಳ ನೆನಪೇನೂ ಇರುವುದಿಲ್ಲ. ನೋಟ್‌ಬುಕ್ಕಿನ ಹೊಸ ಪುಟ ತೆಗೆದಿಟ್ಟಿದ್ದೇನೆ, ಇನ್ನೂ ಏನೂ ಬರೆದಿಲ್ಲ. ದಸರಾ ಇನ್ನೂ ದೂರ ಇದೆ.